ಸರ್ಕಾರವೇ ಸಂಬಳ ಕೊಟ್ಟಾಗ ಎಡಪಕ್ಷದ ಹೊಸ ನಾಯಕನಿಗೆ ಉಳಿದದ್ದೇನು?

2020ರ ಏಪ್ರಿಲ್ 4ರ ಶನಿವಾರ ಬ್ರಿಟನ್ನಿನ ಪ್ರಮುಖ ವಿರೋಧ ಪಕ್ಷವಾದ ಲೇಬರ್ ತನ್ನ ಹೊಸ ನಾಯಕನ ಹೆಸರನ್ನು ಪ್ರಕಟಿಸಿತು. ಅದಕ್ಕೆಂದು ಲಂಡನ್ನಿನಲ್ಲಿ ಗೊತ್ತುಪಡಿಸಿದ್ದ ವಿಶೇಷ ಸಮಾವೇಶ ರದ್ದಾಗಿತ್ತು. ವೇದಿಕೆಯಿರಲಿಲ್ಲ, ಚಪ್ಪಾಳೆ ತಟ್ಟಲು ಕಾರ್ಯಕರ್ತರೂ ಇರಲಿಲ್ಲ. ಕಣದಲ್ಲಿದ್ದ ಮೂವರಿಗೂ, ಗೆದ್ದರೆ ಆಡಬೇಕಾದ ಮಾತುಗಳನ್ನು ಮುಂಚಿತವಾಗಿಯೇ ಚಿತ್ರೀಕರಿಸಿ ಇಡುವಂತೆ ಪಕ್ಷ ಸೂಚಿಸಿತ್ತು. ಗೆದ್ದವರ ವಿಡಿಯೊ ಬಿಡುಗಡೆಯಾಯಿತು. ಸೋತ ಇಬ್ಬರ ವಿಜಯಭಾಷಣಗಳು ಅಲ್ಲಿಯೇ ಉಳಿದುಹೋದವು.

ಗೆದ್ದವರು ಸರ್ ಕೀರ್ ಸ್ಟಾರ್ಮರ್. ಸುಮಾರು 4.9 ಲಕ್ಷ ಮಂದಿ ಮತ ಚಲಾಯಿಸಿದ ಆ ಚುನಾವಣೆಯಲ್ಲಿ ಅವರಿಗೆ ಶೇ 56.2ರಷ್ಟು ಮತಗಳು ದೊರೆತವು. ಪಕ್ಷದ ಕಟ್ಟಾ ಎಡಬಣದ ರೆಬೆಕಾ ಲಾಂಗ್-ಬೈಲಿ ಶೇ 27.6 ಮತಗಳನ್ನೂ, ಕೋಲ್ಕತ್ತದಲ್ಲಿ ಹುಟ್ಟಿದ ದೀಪಕ್ ನಂದಿ ಅವರ ಪುತ್ರಿ ಲೀಸಾ ನಂದಿ ಶೇ 16.2 ಮತಗಳನ್ನೂ ಪಡೆದರು. ಮರುದಿನ ರಾತ್ರಿ ಪ್ರಧಾನಿ ಬೋರಿಸ್ ಜಾನ್ಸನ್ ಕೊರೊನಾ ಸೋಂಕಿನಿಂದ ಲಂಡನ್ನಿನ ಆಸ್ಪತ್ರೆಗೆ ದಾಖಲಾದರು. ಏಪ್ರಿಲ್ 6ರಂದು ಅವರನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಲಾಯಿತು. ವಿರೋಧ ಪಕ್ಷದ ನಾಯಕನೊಬ್ಬ ಅಧಿಕಾರ ವಹಿಸಿಕೊಂಡ ಮೂರನೆಯ ದಿನಕ್ಕೇ ತಾನು ವಿರೋಧಿಸಬೇಕಾದ ಪ್ರಧಾನಿಯ ಆರೋಗ್ಯಕ್ಕಾಗಿ ಹಾರೈಸಬೇಕಾಗಿ ಬಂದ ಸಂದರ್ಭವದು.

ಆದರೆ ಸ್ಟಾರ್ಮರ್ ಎದುರಿಸಿದ ನಿಜವಾದ ಇಕ್ಕಟ್ಟು ಇದಕ್ಕಿಂತ ಆಳವಾದದ್ದು. ಸರ್ಕಾರ ಹಣ ಸುರಿಯಬೇಕು, ದುಡಿಯುವವರ ಕೈ ಹಿಡಿಯಬೇಕು, ಎಲ್ಲವನ್ನೂ ಮಾರುಕಟ್ಟೆಗೆ ಬಿಡಬಾರದು ಎಂಬುದು ಲೇಬರ್ ಪಕ್ಷ ನೂರು ವರ್ಷಗಳಿಂದ ಹೇಳಿಕೊಂಡು ಬಂದ ಮಾತು. ಅವರು ನಾಯಕರಾಗುವ ಹೊತ್ತಿಗೆ ಅದನ್ನೆಲ್ಲ ಬಲಪಂಥೀಯ ಕನ್ಸರ್ವೇಟಿವ್ ಸರ್ಕಾರವೇ ಮಾಡತೊಡಗಿತ್ತು.

ಯಾರು ಈ ಎಡಪಕ್ಷ?

ಎಡಪಕ್ಷ ಎಂದೊಡನೆ ನಮ್ಮ ಓದುಗರಿಗೆ ಕುಡುಗೋಲು ಸುತ್ತಿಗೆಯ ಬಾವುಟ ನೆನಪಾಗುವುದು ಸಹಜ. ಬ್ರಿಟನ್ನಿನ ಲೇಬರ್ ಆ ಜಾತಿಯದಲ್ಲ. ಕಾರ್ಮಿಕ ಸಂಘಗಳು ಸಂಸತ್ತಿನಲ್ಲಿ ತಮ್ಮದೊಂದು ದನಿ ಇರಲೆಂದು 20ನೆಯ ಶತಮಾನದ ಆರಂಭದಲ್ಲಿ ಕಟ್ಟಿಕೊಂಡ ಪಕ್ಷವದು. ಎರಡನೆಯ ಮಹಾಯುದ್ಧ ಮುಗಿದೊಡನೆ, 1945ರಲ್ಲಿ, ಕ್ಲೆಮೆಂಟ್ ಆಟ್ಲಿ ನೇತೃತ್ವದಲ್ಲಿ ಭಾರಿ ಬಹುಮತದಿಂದ ಅಧಿಕಾರಕ್ಕೆ ಬಂತು. ಕಲ್ಲಿದ್ದಲು ಮತ್ತು ರೈಲ್ವೆಗಳನ್ನು ರಾಷ್ಟ್ರೀಕರಿಸಿತು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆಯನ್ನು, ಅಂದರೆ ಎನ್‌ಎಚ್‌ಎಸ್ ಅನ್ನು, ಆರಂಭಿಸಿತು. ಭಾರತಕ್ಕೆ ಸ್ವಾತಂತ್ರ್ಯ ಕೊಟ್ಟದ್ದೂ ಇದೇ ಆಟ್ಲಿ ಸರ್ಕಾರ.

1979ರಲ್ಲಿ ಮಾರ್ಗರೆಟ್ ಥ್ಯಾಚರ್ ಬಂದ ಮೇಲೆ ಗಾಳಿ ತಿರುಗಿತು. 1995ರಲ್ಲಿ ಟೋನಿ ಬ್ಲೇರ್ ಪಕ್ಷದ ಸಂವಿಧಾನದಿಂದ ಸಾಮೂಹಿಕ ಒಡೆತನದ ಹಳೆಯ ವಾಕ್ಯವನ್ನೇ ಬದಲಿಸಿದರು. 2008ರ ಹಣಕಾಸು ಕುಸಿತದಲ್ಲಿ ಲೇಬರ್ ಪ್ರಧಾನಿ ಗಾರ್ಡನ್ ಬ್ರೌನ್ ಸರ್ಕಾರದ ಹಣದಿಂದ ಬ್ಯಾಂಕುಗಳನ್ನು ಉಳಿಸಿದರು. ಆದರೆ 2010ರ ಚುನಾವಣೆಯಲ್ಲಿ ಸೋತು, ಮುಂದಿನ ಹತ್ತು ವರ್ಷ ದುಂದುಗಾರ ಪಕ್ಷ ಎಂಬ ಆರೋಪ ಹೊರಬೇಕಾಯಿತು. ಈ ಗಾಯದ ನೆನಪಿಲ್ಲದೆ ಸ್ಟಾರ್ಮರ್ ಅವರ ನಡೆಗಳು ಅರ್ಥವಾಗುವುದಿಲ್ಲ.

2015ರಿಂದ ನಾಯಕರಾಗಿದ್ದ ಜೆರೆಮಿ ಕಾರ್ಬಿನ್ ಪಕ್ಷವನ್ನು ಮತ್ತೆ ಎಡಕ್ಕೆ ಎಳೆದರು. ರೈಲು, ನೀರು, ವಿದ್ಯುತ್, ಅಂಚೆ ಎಲ್ಲವನ್ನೂ ಸಾರ್ವಜನಿಕ ಒಡೆತನಕ್ಕೆ ತರುವುದಾಗಿ 2019ರ ಪ್ರಣಾಳಿಕೆ ಸಾರಿತು. ಆ ಡಿಸೆಂಬರ್ 12ರ ಚುನಾವಣೆಯಲ್ಲಿ ಪಕ್ಷಕ್ಕೆ ಸಿಕ್ಕಿದ್ದು 202 ಸ್ಥಾನ. 1935ರ ನಂತರದ ಅತಿ ಕಳಪೆ ಸಾಧನೆ. ಕಾರ್ಬಿನ್ ರಾಜೀನಾಮೆ ಘೋಷಿಸಿದರು.

ಅವರ ಜಾಗಕ್ಕೆ ಬಂದ ಸ್ಟಾರ್ಮರ್ ವೃತ್ತಿಯಿಂದ ವಕೀಲರು. ತಂದೆ ಕಾರ್ಖಾನೆಗಳಿಗೆ ಉಪಕರಣ ತಯಾರಿಸುತ್ತಿದ್ದ ಕುಶಲಕರ್ಮಿ, ತಾಯಿ ದಾದಿ. ಮಾನವ ಹಕ್ಕುಗಳ ಮೊಕದ್ದಮೆಗಳಲ್ಲಿ ಹೆಸರು ಮಾಡಿ, 2008ರಿಂದ 2013ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಪ್ರಾಸಿಕ್ಯೂಷನ್ ಇಲಾಖೆಯ ಮುಖ್ಯಸ್ಥರಾಗಿದ್ದರು. ಸಂಸತ್ತಿಗೆ ಬಂದದ್ದು 2015ರಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ. ಜನಸಭೆಗಳ ವಾಗ್ಮಿಯಲ್ಲ, ಸಾಕ್ಷಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ಒಂದೊಂದೇ ಕಾಗದ ತೋರಿಸುತ್ತ ಪ್ರಶ್ನಿಸುವವರ ಶೈಲಿ ಅವರದು. ನಾಯಕತ್ವದ ಸ್ಪರ್ಧೆಯಲ್ಲಿ ಅವರು ಕಾರ್ಬಿನ್ ಕಾರ್ಯಕ್ರಮವನ್ನು ಕೈಬಿಡಲಿಲ್ಲ. ಶೇ 5ರಷ್ಟು ಅತಿ ಹೆಚ್ಚು ಆದಾಯದವರ ಮೇಲೆ ತೆರಿಗೆ ಏರಿಕೆ, ರೈಲು-ನೀರು-ವಿದ್ಯುತ್ ಸಾರ್ವಜನಿಕ ಒಡೆತನಕ್ಕೆ, ವಿಶ್ವವಿದ್ಯಾಲಯ ಶುಲ್ಕ ರದ್ದು ಸೇರಿದಂತೆ 10 ಭರವಸೆಗಳನ್ನು ಸದಸ್ಯರ ಮುಂದಿಟ್ಟು ಗೆದ್ದರು.

ಹುಬ್ಬಳ್ಳಿಯ ಅಳಿಯನ ಖಜಾನೆ

ಇನ್ನು ಸರ್ಕಾರದ ಕಡೆ ನೋಡೋಣ. 2020ರ ಫೆಬ್ರವರಿ 13ರಂದು 39 ವರ್ಷದ ರಿಷಿ ಸುನಾಕ್ ಬ್ರಿಟನ್ನಿನ ಹಣಕಾಸು ಸಚಿವರಾದರು. ಇನ್ಫೊಸಿಸ್ ಸ್ಥಾಪಕ ಎನ್.ಆರ್. ನಾರಾಯಣ ಮೂರ್ತಿ ಮತ್ತು ಸುಧಾ ಮೂರ್ತಿ ದಂಪತಿಯ ಅಳಿಯ. ಪತ್ನಿ ಅಕ್ಷತಾ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಹೀಗಾಗಿ ನಮ್ಮ ಪತ್ರಿಕೆಗಳೂ ಅಂದು ಸಂಭ್ರಮಿಸಿದವು. ಮಾರುಕಟ್ಟೆಯಲ್ಲಿ, ಮಿತವ್ಯಯದಲ್ಲಿ, ಚಿಕ್ಕ ಸರ್ಕಾರದಲ್ಲಿ ನಂಬಿಕೆಯಿಟ್ಟ ಸುನಾಕ್, ಥ್ಯಾಚರ್ ಅವರ ಅಭಿಮಾನಿ.

ಅಂಥವರು ಸಚಿವರಾದ ಐದು ವಾರಗಳಲ್ಲಿ ಮಾಡಿದ್ದೇನು? ಮಾರ್ಚ್ 17ರಂದು ಉದ್ಯಮಗಳ ಸಾಲಕ್ಕೆ 33,000 ಕೋಟಿ ಪೌಂಡ್‌ಗಳಷ್ಟು ಸರ್ಕಾರಿ ಖಾತರಿ ಪ್ರಕಟಿಸಿದರು. ಮಾರ್ಚ್ 20ರಂದು, ಹೋಟೆಲು ಮದ್ಯದಂಗಡಿಗಳಿಗೆ ಬಾಗಿಲು ಹಾಕುವಂತೆ ಪ್ರಧಾನಿ ಆದೇಶಿಸಿದ ದಿನವೇ, ಬ್ರಿಟನ್ನಿನ ಇತಿಹಾಸದಲ್ಲಿ ಹಿಂದೆಂದೂ ಇರದಿದ್ದ ಯೋಜನೆಯೊಂದನ್ನು ಘೋಷಿಸಿದರು. ಕೆಲಸವಿಲ್ಲದೆ ಮನೆಯಲ್ಲಿ ಕುಳಿತ ನೌಕರನನ್ನು ಮಾಲೀಕ ಕಿತ್ತುಹಾಕದಿದ್ದರೆ, ಆತನ ಸಂಬಳದ ಶೇ 80ರಷ್ಟನ್ನು, ತಿಂಗಳಿಗೆ ಗರಿಷ್ಠ 2,500 ಪೌಂಡ್‌ವರೆಗೆ, ಸರ್ಕಾರವೇ ಭರಿಸುತ್ತದೆ. ಸೈನಿಕರ ರಜೆಗೆ ಬಳಸುತ್ತಿದ್ದ 'ಫರ್ಲೋ' ಎಂಬ ಹಳೆಯ ಪದ ಆ ಬಳಿಕ ಮನೆಮಾತಾಯಿತು.

ಯೋಜನೆಯ ಕಾರ್ಯವಿಧಾನವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಬ್ರಿಟನ್ನಿನಲ್ಲಿ ಮಾಲೀಕರು ಪ್ರತಿ ಸಲ ಸಂಬಳ ಕೊಡುವಾಗ ನೌಕರನ ತೆರಿಗೆ ಮುರಿದುಕೊಂಡು ಆ ವಿವರವನ್ನು ತೆರಿಗೆ ಇಲಾಖೆಗೆ ಆಗಿಂದಾಗ್ಗೆ ಸಲ್ಲಿಸಬೇಕು. ಹಾಗಾಗಿ ಯಾವ ಸಂಸ್ಥೆಯಲ್ಲಿ ಯಾರು, ಎಷ್ಟು ಸಂಬಳಕ್ಕೆ ಇದ್ದಾರೆ ಎಂಬುದು ಇಲಾಖೆಯ ಗಣಕಯಂತ್ರದಲ್ಲಿ ಆಗಲೇ ಇತ್ತು. ಸರ್ಕಾರ ಅದೇ ಕೊಳವೆಯಲ್ಲಿ ಹಣವನ್ನು ಹಿಮ್ಮುಖವಾಗಿ ಹರಿಸಿತು. ಏಪ್ರಿಲ್ 20ರಂದು ಅರ್ಜಿ ಸ್ವೀಕಾರ ಆರಂಭವಾದ ಮೊದಲ ದಿನವೇ 1.4 ಲಕ್ಷಕ್ಕೂ ಹೆಚ್ಚು ಸಂಸ್ಥೆಗಳು ಅರ್ಜಿ ಹಾಕಿದವು. ಮೇ ತಿಂಗಳ ಆರಂಭದಲ್ಲಿ ಏಕಕಾಲಕ್ಕೆ ಸುಮಾರು 89 ಲಕ್ಷ ಮಂದಿ ಫರ್ಲೋದಲ್ಲಿದ್ದರು. 2021ರ ಸೆಪ್ಟೆಂಬರ್ 30ರಂದು ಯೋಜನೆ ಮುಗಿಯುವ ವೇಳೆಗೆ ಒಟ್ಟು 1.17 ಕೋಟಿ ಉದ್ಯೋಗಗಳಿಗೆ ನೆರವು ಸಂದಿತ್ತು. ವೆಚ್ಚ ಸುಮಾರು 7,000 ಕೋಟಿ ಪೌಂಡ್. 2020ರಲ್ಲಿ ದೇಶದ ಆರ್ಥಿಕತೆ ಶೇ 10ರ ಆಸುಪಾಸು ಕುಗ್ಗಿದರೂ ನಿರುದ್ಯೋಗ ಶೇ 5ರ ಸುತ್ತಮುತ್ತಲೇ ನಿಂತದ್ದು ಇದರಿಂದ.

ಇಷ್ಟಕ್ಕೇ ನಿಲ್ಲಲಿಲ್ಲ. ಖಾಸಗಿ ರೈಲು ಕಂಪನಿಗಳ ಲಾಭನಷ್ಟದ ಹೊಣೆಯನ್ನು ಸರ್ಕಾರ ಮಾರ್ಚ್‌ನಲ್ಲೇ ತನ್ನ ಮೈಮೇಲೆ ಎಳೆದುಕೊಂಡಿತು. ಬಡವರಿಗೆ ಕೊಡುವ ಸಾಮಾಜಿಕ ಭತ್ಯೆ ವಾರಕ್ಕೆ 20 ಪೌಂಡ್ ಹೆಚ್ಚಿತು. ಸಮಾಜ ಎಂಬುದೊಂದು ಇದೆ ಎಂದು ಜಾನ್ಸನ್ ಅವರು ಪ್ರತ್ಯೇಕವಾಸದಿಂದಲೇ ವಿಡಿಯೊದಲ್ಲಿ ಹೇಳಿದಾಗ, ಅಂಥದ್ದೇನೂ ಇಲ್ಲವೆಂದಿದ್ದ ಥ್ಯಾಚರ್ ಅವರ ಪ್ರಸಿದ್ಧ ಮಾತು ಎಲ್ಲರಿಗೂ ನೆನಪಾಯಿತು. 2017ರಲ್ಲಿ ಇದೇ ಪಕ್ಷದ ಪ್ರಧಾನಿ ತೆರೇಸಾ ಮೇ ಟಿ.ವಿ. ಕಾರ್ಯಕ್ರಮವೊಂದರಲ್ಲಿ, ಸಂಬಳ ಏರದ ದಾದಿಯೊಬ್ಬರಿಗೆ ದುಡ್ಡು ಉದುರಿಸುವ ಮಾಯಾವೃಕ್ಷವೇನೂ ಇಲ್ಲವೆಂದು ಉತ್ತರಿಸಿದ್ದರು. ಮೂರು ವರ್ಷಗಳಲ್ಲಿ ಆ ಮರ ಸಿಕ್ಕಿಬಿಟ್ಟಿತ್ತು. ಸರ್ಕಾರದ ಖರ್ಚಿನ ಬಗ್ಗೆ ತಾನು ಹೇಳಿದ್ದೇ ಸರಿಯೆಂದು ಮೂರು ತಿಂಗಳಲ್ಲಿ ಸಾಬೀತಾಯಿತೆಂದು ನಿರ್ಗಮಿಸುವ ಮುನ್ನ ಕಾರ್ಬಿನ್ ಹೇಳಿಕೊಂಡರು.

ಆ ಮಾತಿನಲ್ಲಿ ಅರ್ಧ ಸತ್ಯವಷ್ಟೇ ಇತ್ತು ಎಂದು ಈ ವರದಿಗಾರನ ಅನಿಸಿಕೆ. ಬೆಂಕಿ ಬಿದ್ದ ಮನೆಗೆ ಸರ್ಕಾರ ನೀರು ಹಾಕಿದರೆ ಅದು ಸಮಾಜವಾದವಾಗುವುದಿಲ್ಲ. ಬೆಂಕಿ ಆರಿದ ಮೇಲೆ ಮನೆಯನ್ನು ಯಾರಿಗಾಗಿ, ಹೇಗೆ ಕಟ್ಟುತ್ತಾರೆ ಎಂಬುದರಲ್ಲಿ ಎಡಬಲಗಳ ವ್ಯತ್ಯಾಸ ಕಾಣಬೇಕು. ಆದರೆ ಹೊಸ ನಾಯಕನಿಗೆ ತಕ್ಷಣ ಆದ ನಷ್ಟ ಸ್ಪಷ್ಟವಿತ್ತು. 'ಇನ್ನಷ್ಟು ಖರ್ಚು ಮಾಡಿ' ಎಂಬ ಪಕ್ಷದ ಹಳೆಯ ಘೋಷಣೆ ಬೆಲೆ ಕಳೆದುಕೊಂಡಿತು.

ಮೇ 20ರ ಪ್ರಶ್ನೆ

ಸ್ಟಾರ್ಮರ್ ಆರಿಸಿಕೊಂಡ ಹಾದಿಗೆ ಅವರೇ ಇಟ್ಟ ಹೆಸರು ರಚನಾತ್ಮಕ ವಿರೋಧ. ಲಾಕ್‌ಡೌನ್ ಸರಿ, ಫರ್ಲೋ ಸರಿ. ತಡವಾದಲ್ಲಿ, ತಪ್ಪಿದಲ್ಲಿ ಪ್ರಶ್ನಿಸುತ್ತೇವೆ ಎಂಬುದು ಅದರ ತಿರುಳು. ಎಂದಿನ ಗದ್ದಲವಿಲ್ಲದೆ ಬೆರಳೆಣಿಕೆಯ ಸಂಸದರು ಕುಳಿತ ಸದನ ಈ ವಕೀಲರಿಗೆ ನ್ಯಾಯಾಲಯದಂತೆಯೇ ಒದಗಿತು.

ಮೇ 13ರಂದು ಅವರು ವೃದ್ಧಾಶ್ರಮಗಳ ವಿಷಯವೆತ್ತಿದರು. ಆಶ್ರಮವಾಸಿಗಳಿಗೆ ಸೋಂಕು ತಗಲುವ ಸಾಧ್ಯತೆ ತೀರ ಕಡಿಮೆಯೆಂದು ಮಾರ್ಚ್ ಮಧ್ಯದವರೆಗೂ ಸರ್ಕಾರದ ಮಾರ್ಗಸೂಚಿ ಹೇಳುತ್ತಿದ್ದುದನ್ನು ಓದಿ ತೋರಿಸಿದರು. ಆ ಮಾರ್ಚ್ 17ರಿಂದ ಏಪ್ರಿಲ್ 15ರ ನಡುವೆ ಸುಮಾರು 25,000 ರೋಗಿಗಳನ್ನು ಹಾಸಿಗೆ ತೆರವು ಮಾಡಲೆಂದು ಆಸ್ಪತ್ರೆಗಳಿಂದ ಆಶ್ರಮಗಳಿಗೆ ಕಳುಹಿಸಲಾಗಿತ್ತೆಂದು ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ನಂತರ ವರದಿ ಮಾಡಿತು. ಅವರಲ್ಲಿ ಎಲ್ಲರಿಗೂ ಪರೀಕ್ಷೆ ಆಗಿರಲಿಲ್ಲ. ಆ ನೀತಿ ಕಾನೂನುಬಾಹಿರವಾಗಿತ್ತೆಂದು 2022ರ ಏಪ್ರಿಲ್‌ನಲ್ಲಿ ಹೈಕೋರ್ಟ್ ತೀರ್ಪಿತ್ತಿತು.

ಒಂದು ವಾರ ಬಿಟ್ಟು, ಮೇ 20ರಂದು, ಅವರು ಕೇಳಿದ ಪ್ರಶ್ನೆ ಭಾರತೀಯರಿಗೆ ನೇರವಾಗಿ ಸಂಬಂಧಿಸಿದ್ದು. ಯುರೋಪಿನಾಚೆಯಿಂದ ಬ್ರಿಟನ್ನಿಗೆ ದುಡಿಯಲು ಬರುವವರು ವೀಸಾದೊಂದಿಗೆ ಆರೋಗ್ಯ ಮೇಲ್ತೆರಿಗೆಯನ್ನೂ ಕಟ್ಟಬೇಕಿತ್ತು. ಆಗ ತಲೆಗೆ ವರ್ಷಕ್ಕೆ 400 ಪೌಂಡ್ ಇತ್ತು. ಆ ಅಕ್ಟೋಬರ್‌ನಿಂದ 624 ಪೌಂಡ್ ಆಗಲಿತ್ತು. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ನರ್ಸಿಂಗ್ ಓದಿ ಲಂಡನ್ನಿನ ಆಸ್ಪತ್ರೆ ಸೇರಿದ ದಾದಿಯೊಬ್ಬರು ಪತಿಯೊಡನೆ ಮೂರು ವರ್ಷಗಳ ವೀಸಾ ಪಡೆದರೆ ಹಳೆಯ ದರದಲ್ಲೇ 2,400 ಪೌಂಡ್, ಹೊಸ ದರದಲ್ಲಿ 3,744 ಪೌಂಡ್ ಮುಂಗಡವಾಗಿ ತೆರಬೇಕಿತ್ತು. ಅದೂ ತಾನು ಹಗಲಿರುಳು ದುಡಿಯುವ, ಸಂಬಳದ ತೆರಿಗೆಯ ಮೂಲಕ ಈಗಾಗಲೇ ಹಣ ಕಟ್ಟುತ್ತಿರುವ ಎನ್‌ಎಚ್‌ಎಸ್‌ನ ಸೇವೆ ತನಗೂ ಸಿಗಲೆಂದು.

ಆ ದಿನಗಳಲ್ಲಿ ಪ್ರತಿ ಗುರುವಾರ ರಾತ್ರಿ ಎಂಟಕ್ಕೆ ಇಡೀ ಬ್ರಿಟನ್ ಬಾಗಿಲಲ್ಲಿ ನಿಂತು ಆರೋಗ್ಯ ಸಿಬ್ಬಂದಿಗಾಗಿ ಚಪ್ಪಾಳೆ ತಟ್ಟುತ್ತಿತ್ತು. ಸೋಂಕಿಗೆ ಬಲಿಯಾದ ಮೊದಲ ಹತ್ತು ವೈದ್ಯರೂ ಕರಿಯ, ಏಷ್ಯನ್ ಮತ್ತಿತರ ಅಲ್ಪಸಂಖ್ಯಾತ ಸಮುದಾಯಗಳವರೆಂದು ವರದಿಯಾಗಿತ್ತು. ತನ್ನ ಜೀವ ಉಳಿಸಿದವರೆಂದು ಜಾನ್ಸನ್ ಕೃತಜ್ಞತೆಯಿಂದ ನೆನೆದ ಇಬ್ಬರು ಶುಶ್ರೂಷಕರು ನ್ಯೂಜಿಲೆಂಡ್ ಮತ್ತು ಪೋರ್ಚುಗಲ್‌ನವರು. ಆರೋಗ್ಯ ಮತ್ತು ಆರೈಕೆ ಸಿಬ್ಬಂದಿಗೆ ಈ ಮೇಲ್ತೆರಿಗೆ ನ್ಯಾಯವೇ ಎಂದು ಸ್ಟಾರ್ಮರ್ ಕೇಳಿದರು. ಅದರಿಂದ 90 ಕೋಟಿ ಪೌಂಡ್ ಬರುತ್ತದೆ, ಬಿಡಲಾಗದು ಎಂದು ಜಾನ್ಸನ್ ಉತ್ತರಿಸಿದರು. ಆ ಮೊತ್ತವಾದರೋ ಎಲ್ಲ ಬಗೆಯ ವಲಸಿಗರಿಂದ ಹಲವು ವರ್ಷಗಳಲ್ಲಿ ಸಂಗ್ರಹವಾದದ್ದು. ಆಡಳಿತ ಪಕ್ಷದ ಕೆಲವು ಸಂಸದರೇ ಅಸಮಾಧಾನ ತೋರಿದರು. ಮರುದಿನ, ಮೇ 21ರಂದು, ಸರ್ಕಾರ ನಿಲುವು ಬದಲಿಸಿ ಈ ಸಿಬ್ಬಂದಿಗೆ ವಿನಾಯಿತಿ ಪ್ರಕಟಿಸಿತು.

ಸಂಖ್ಯಾಬಲವಿಲ್ಲದ ವಿರೋಧ ಪಕ್ಷವೊಂದು ಒಂದೇ ಪ್ರಶ್ನೆಯಿಂದ ಸಾವಿರಾರು ಕುಟುಂಬಗಳ ಕೈಚೀಲಕ್ಕೆ ಹಣ ಉಳಿಸಿದ ಉದಾಹರಣೆಯಿದು. ಸರ್ಕಾರ ಎಷ್ಟು ದೊಡ್ಡದಾಗಿರಬೇಕು ಎಂಬ ಹಳೆಯ ಜಗಳವನ್ನು ಬಿಟ್ಟು, ಅದು ಯಾರನ್ನು ಒಳಗೆ ಸೇರಿಸಿಕೊಂಡಿದೆ, ಯಾರನ್ನು ಹೊರಗಿಟ್ಟಿದೆ ಎಂದು ಕೇಳಿದಾಗಲೇ ಸ್ಟಾರ್ಮರ್ ಅವರ ವಿರೋಧಕ್ಕೆ ಮೊನಚು ಬಂತು.

ಬಲೆಯ ತೂತುಗಳು

ಹೊರಗುಳಿದವರು ಕಡಿಮೆಯೇನಿರಲಿಲ್ಲ. ಫರ್ಲೋ ಮತ್ತು ಸ್ವಂತ ಉದ್ಯೋಗಿಗಳ ನೆರವು ಯೋಜನೆ ಎರಡರಲ್ಲೂ ಅರ್ಹತೆ ಸಿಗದವರು 29 ಲಕ್ಷದಷ್ಟು ಇರಬಹುದೆಂದು ಲೆಕ್ಕಪರಿಶೋಧನಾ ಕಚೇರಿ ಅಂದಾಜಿಸಿತು. ಆಗಷ್ಟೇ ಕೆಲಸ ಬದಲಿಸಿದವರು, ಹೊಸದಾಗಿ ಸ್ವಂತ ವೃತ್ತಿಗಿಳಿದವರು, ತಮ್ಮದೇ ಪುಟ್ಟ ಕಂಪನಿಯಿಂದ ಲಾಭಾಂಶವನ್ನೇ ಸಂಬಳವಾಗಿ ಪಡೆಯುತ್ತಿದ್ದವರು ಈ ಗುಂಪಿನಲ್ಲಿದ್ದರು. ತೆರಿಗೆ ಇಲಾಖೆಯ ಗಣಕಯಂತ್ರದಲ್ಲಿ ಹೆಸರಿದ್ದವರಿಗೆ ಹಣ ಚಕಚಕನೆ ತಲುಪಿದ ಕಾರಣವೇ ಇವರು ಹೊರಗುಳಿಯಲೂ ಕಾರಣವಾಯಿತು.

ವೀಸಾದ ಮೇಲೆ ಬಂದವರದು ಇನ್ನೊಂದು ಕಥೆ. ಕಾಯಂ ವಾಸದ ಹಕ್ಕಿಲ್ಲದ ಹೆಚ್ಚಿನ ವಲಸಿಗರ ವೀಸಾದಲ್ಲಿ ಸರ್ಕಾರಿ ಭತ್ಯೆಗಳಿಗೆ ಕೈಚಾಚುವಂತಿಲ್ಲ ಎಂಬ ಷರತ್ತಿರುತ್ತದೆ. ಫರ್ಲೋ ಹಣ ಈ ಲೆಕ್ಕಕ್ಕೆ ಬರುವುದಿಲ್ಲವೆಂದು ಸರ್ಕಾರ ಸ್ಪಷ್ಟಪಡಿಸಿದ್ದರಿಂದ ನೌಕರಿಯಲ್ಲಿದ್ದವರು ಬಚಾವಾದರು. ಆದರೆ ವಾರಕ್ಕೆ 20 ಗಂಟೆ ಅಂಗಡಿ ಹೋಟೆಲುಗಳಲ್ಲಿ ದುಡಿದು ಬಾಡಿಗೆ ಕಟ್ಟುತ್ತಿದ್ದ, ಕೆಲಸ ಕಳೆದುಕೊಂಡ ಭಾರತೀಯ ವಿದ್ಯಾರ್ಥಿಗಳಿಗೆ ಏನೂ ಇರಲಿಲ್ಲ. ಮೇ 27ರಂದು ಸಂಸದೀಯ ಸಮಿತಿಯೊಂದರಲ್ಲಿ ಲೇಬರ್ ಸಂಸದ ಸ್ಟೀಫನ್ ಟಿಮ್ಸ್ ಈ ಷರತ್ತಿನ ಬಗ್ಗೆ ಕೇಳಿದಾಗ, ಅಂಥದೊಂದು ನಿಯಮವಿದೆಯೆಂಬ ಅರಿವೇ ಪ್ರಧಾನಿಗೆ ಇದ್ದಂತೆ ಕಾಣಲಿಲ್ಲ.

ಎಲ್ಲಕ್ಕಿಂತ ದೊಡ್ಡ ತೂತು ಕಾಯಿಲೆ ಭತ್ಯೆಯದು. ಸೋಂಕು ತಗಲಿದವರು ಮನೆಯಲ್ಲಿರಬೇಕೆಂದು ಸರ್ಕಾರ ಹೇಳಿತು. ಮನೆಯಲ್ಲಿದ್ದವರಿಗೆ ಮಾಲೀಕರು ಶಾಸನದ ಪ್ರಕಾರ ಕೊಡಬೇಕಾದ ಕನಿಷ್ಠ ಭತ್ಯೆ ವಾರಕ್ಕೆ 95.85 ಪೌಂಡ್. ಪೂರ್ಣಾವಧಿ ಕೆಲಸಗಾರನಿಗೆ ಇದು ಒಂದೂವರೆ ದಿನದ ಕನಿಷ್ಠ ಕೂಲಿ. ವಾರಕ್ಕೆ 120 ಪೌಂಡ್‌ಗಿಂತ ಕಡಿಮೆ ದುಡಿಯುವವರಿಗೆ ಅದೂ ಇರಲಿಲ್ಲ. ಇಷ್ಟರಲ್ಲಿ ತನಗೆ ಬದುಕಲಾಗದು ಎಂದು ಆರೋಗ್ಯ ಸಚಿವ ಮ್ಯಾಟ್ ಹ್ಯಾನ್‌ಕಾಕ್ ಅವರೇ ಟಿ.ವಿ.ಯಲ್ಲಿ ಒಪ್ಪಿಕೊಂಡಿದ್ದರು. ಮೈ ಬಿಸಿಯಾಗಿದ್ದರೂ ಕೆಲಸಕ್ಕೆ ಹೋಗುವುದು ಅಥವಾ ಬಾಡಿಗೆ ತಪ್ಪಿಸುವುದು: ಆರೈಕೆ ಸಹಾಯಕಿಯರು, ಕಾವಲುಗಾರರು, ಗೋದಾಮಿನ ಕೂಲಿಗಳ ಮುಂದಿದ್ದ ಆಯ್ಕೆ ಇದು. ಜೂನ್ 29ರಂದು ದೇಶದ ಮೊದಲ ಸ್ಥಳೀಯ ಲಾಕ್‌ಡೌನ್ ಘೋಷಣೆಯಾದದ್ದು ಗುಜರಾತಿಗಳು ದೊಡ್ಡ ಸಂಖ್ಯೆಯಲ್ಲಿರುವ ಲೆಸ್ಟರ್ ನಗರದಲ್ಲಿ. ಅಲ್ಲಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಕನಿಷ್ಠ ಕೂಲಿಗಿಂತಲೂ ಕಡಿಮೆ ಕೊಟ್ಟು ದುಡಿಸಿಕೊಳ್ಳುತ್ತಾರೆಂಬ ದೂರು ಆಗ ಮತ್ತೆ ಮುನ್ನೆಲೆಗೆ ಬಂತು. ಕಾರ್ಮಿಕ ಸಂಘಗಳೂ ಲೇಬರ್ ಪಕ್ಷವೂ ಕಾಯಿಲೆ ಭತ್ಯೆ ಏರಿಸಲು ಪಟ್ಟು ಹಿಡಿದವು. ಕಡಿಮೆ ಆದಾಯದವರಿಗೆ 500 ಪೌಂಡ್ ನೆರವನ್ನು ಸೆಪ್ಟೆಂಬರ್ 28ರಿಂದ ಕೊಡಲಾಯಿತೇ ಹೊರತು ಭತ್ಯೆಯ ದರ ಕದಲಲಿಲ್ಲ. ಸಂಬಳಕ್ಕೆ ಧಾರಾಳವಾಗಿ ಕೊಟ್ಟ ಕೈ ಕಾಯಿಲೆಗೆ ಬಿಗಿಯಾದದ್ದೇಕೆ ಎಂಬುದಕ್ಕೆ ಸರ್ಕಾರದಿಂದ ತೃಪ್ತಿಕರ ಉತ್ತರ ಬರಲಿಲ್ಲ.

ಗುತ್ತಿಗೆಯ ಓಣಿ

ಸರ್ಕಾರದ ಹಣ ಎಲ್ಲಿಗೆ ಹರಿಯಿತು ಎಂಬ ಪ್ರಶ್ನೆಯೂ ಬೇಗ ಎದ್ದಿತು. ರಕ್ಷಣಾ ಉಡುಪು, ಮುಖಗವಸುಗಳಿಗಾಗಿ ಟೆಂಡರ್ ಇಲ್ಲದೆಯೇ ಗುತ್ತಿಗೆ ನೀಡಲಾಯಿತು. ಸಚಿವರು, ಸಂಸದರು, ಅಧಿಕಾರಿಗಳು ಶಿಫಾರಸು ಮಾಡಿದ ಕಂಪನಿಗಳಿಗೆಂದೇ ಪ್ರತ್ಯೇಕ ಆದ್ಯತೆಯ ಸಾಲಿತ್ತೆಂದು 2020ರ ನವೆಂಬರ್‌ನಲ್ಲಿ ಲೆಕ್ಕಪರಿಶೋಧಕರು ಬಯಲು ಮಾಡಿದರು. ಆ ಸಾಲಿನಲ್ಲಿ ಬಂದ 493 ಮಂದಿಯಲ್ಲಿ 47 ಮಂದಿಗೆ ಗುತ್ತಿಗೆ ಸಿಕ್ಕಿತು. ಸಾಮಾನ್ಯ ಸಾಲಿನ 14,892ರಲ್ಲಿ ಸಿಕ್ಕಿದ್ದು 104 ಮಂದಿಗೆ. ಸೋಂಕಿತರ ಪತ್ತೆ ಮತ್ತು ಪರೀಕ್ಷೆಗೆ ಮೊದಲ ವರ್ಷ 2,200 ಕೋಟಿ ಪೌಂಡ್ ಮೀಸಲಿಟ್ಟು, ಬಹುಪಾಲು ಕೆಲಸವನ್ನು ಖಾಸಗಿಯವರಿಗೆ ಒಪ್ಪಿಸಲಾಯಿತು. ನಗರಸಭೆಗಳ ಆರೋಗ್ಯಾಧಿಕಾರಿಗಳು ಊರು ಬಲ್ಲವರು. ಅವರನ್ನು ಮೊದಮೊದಲು ಬದಿಗಿಟ್ಟದ್ದು ತಪ್ಪೆಂದು ಲೇಬರ್ ಟೀಕಿಸಿತು. 2020ರ ಡಿಸೆಂಬರ್ 8ರಿಂದ ಲಸಿಕೆ ನೀಡುವ ಹೊಣೆ ಎನ್‌ಎಚ್‌ಎಸ್‌ಗೇ ಬಂದಾಗ ಕೆಲಸ ಎಷ್ಟು ಸುಸೂತ್ರವಾಗಿ ನಡೆಯಿತೆಂಬುದನ್ನು ಜನ ಕಂಡರು.

ಅಕ್ಟೋಬರ್‌ನಲ್ಲಿ ಜಗಳ ಮ್ಯಾಂಚೆಸ್ಟರ್‌ಗೆ ಬಂತು. ವಿಜ್ಞಾನಿಗಳ ಸಲಹೆಯಂತೆ ಕೆಲವು ವಾರಗಳ ದೇಶವ್ಯಾಪಿ ನಿರ್ಬಂಧ ಬೇಕೆಂದು ಸ್ಟಾರ್ಮರ್ ಅಕ್ಟೋಬರ್ 13ರಂದು ಒತ್ತಾಯಿಸಿದರು. ಅದುವರೆಗೆ ಸರ್ಕಾರದ ಬೆನ್ನಿಗೆ ನಿಂತಿದ್ದ ಅವರು ಮೊದಲ ಬಾರಿ ಬೇರೆ ದಾರಿ ಹಿಡಿದದ್ದು ಆಗ. ಜಾನ್ಸನ್ ಒಪ್ಪದೆ, ಸೋಂಕು ಹೆಚ್ಚಿದ್ದ ಉತ್ತರದ ಪ್ರದೇಶಗಳಿಗಷ್ಟೇ ಬೀಗ ಹಾಕಲು ಹೊರಟರು. ಅಲ್ಲಿ ಬಾಗಿಲು ಮುಚ್ಚಿದ ಮಳಿಗೆಗಳ ನೌಕರರಿಗೆ ಶೇ 80ರ ಬದಲು ಶೇ 67ರಷ್ಟು ಸಂಬಳ ಎಂದು ಸುನಾಕ್ ತೀರ್ಮಾನಿಸಿದರು. ಕನಿಷ್ಠ ಕೂಲಿಯ ಮೂರನೆಯ ಎರಡು ಭಾಗದಲ್ಲಿ ಸಂಸಾರ ನಡೆಸುವುದು ಹೇಗೆಂದು ಮಹಾನಗರದ ಲೇಬರ್ ಮೇಯರ್ ಆಂಡಿ ಬರ್ನಮ್ ಕೇಳಿದರು. ಕನಿಷ್ಠ 6.5 ಕೋಟಿ ಪೌಂಡ್ ಬೇಕೆಂದರು. ಸರ್ಕಾರ 6 ಕೋಟಿಗೆ ನಿಂತಿತು. ಮಾತುಕತೆ ಮುರಿದು, ಬೀದಿಯಲ್ಲಿ ಪತ್ರಿಕಾಗೋಷ್ಠಿ ನಡೆಸುತ್ತಿದ್ದಾಗ ಸರ್ಕಾರದ ಏಕಪಕ್ಷೀಯ ತೀರ್ಮಾನವನ್ನು ಯಾರೋ ಮೊಬೈಲಿನಲ್ಲಿ ತೋರಿಸಿದರು. ಬರ್ನಮ್ ಮುಖದ ಆ ಕ್ಷಣದ ಚಿತ್ರ ದೇಶವೆಲ್ಲ ಓಡಾಡಿತು. ಹನ್ನೊಂದು ದಿನಗಳ ನಂತರ, ಅಕ್ಟೋಬರ್ 31ರಂದು, ಇಡೀ ಇಂಗ್ಲೆಂಡಿಗೆ ಲಾಕ್‌ಡೌನ್ ಘೋಷಿಸಿದ ಸರ್ಕಾರ ಸಂಬಳದ ನೆರವನ್ನು ಮತ್ತೆ ಶೇ 80ಕ್ಕೆ ಏರಿಸಿತು. ಲಂಡನ್ನಿಗೂ ಬೀಗ ಬಿದ್ದಾಗ ಹಣ ಬಂತಲ್ಲ ಎಂದು ಉತ್ತರದವರು ಗೊಣಗಿದ್ದರಲ್ಲಿ ಆಶ್ಚರ್ಯವಿಲ್ಲ.

ಗೆದ್ದ ವಾದ, ಸೋತ ಕ್ಷೇತ್ರ

ಇಷ್ಟೆಲ್ಲ ಆದರೂ ಲೇಬರ್‌ಗೆ ಮತ ಬರಲಿಲ್ಲ. 2021ರ ಮೇ 6ರ ಉಪಚುನಾವಣೆಯಲ್ಲಿ ಹಾರ್ಟಲ್‌ಪೂಲ್ ಎಂಬ ಈಶಾನ್ಯದ ಬಂದರು ಕ್ಷೇತ್ರ ಕನ್ಸರ್ವೇಟಿವ್ ಪಾಲಾಯಿತು. 1974ರಲ್ಲಿ ರಚನೆಯಾದಂದಿನಿಂದ ಅದು ಲೇಬರ್ ಕೈಬಿಟ್ಟಿರಲಿಲ್ಲ. ಲಸಿಕೆ ಸಿಕ್ಕಿದ್ದ, ಫರ್ಲೋ ಹಣ ಬರುತ್ತಿದ್ದ ಮತದಾರರಿಗೆ ಸರ್ಕಾರದ ವಿರುದ್ಧ ಸಿಟ್ಟು ಬರಲು ಕಾರಣ ಕಾಣಲಿಲ್ಲ.

ಪಕ್ಷದ ಎಡಬಣ ಇದಕ್ಕೆ ಸ್ಟಾರ್ಮರ್ ಅವರನ್ನೇ ದೂರಿತು. ಜನರು ಸರ್ಕಾರದ ಹಸ್ತಕ್ಷೇಪವನ್ನು ಕಣ್ಣಾರೆ ಕಂಡು ಒಪ್ಪಿದ ಹೊತ್ತಿನಲ್ಲಿ ದೊಡ್ಡ ಬದಲಾವಣೆಯ ಮಾತಾಡದೆ, ಆಡಳಿತದ ದಕ್ಷತೆಯನ್ನಷ್ಟೇ ಪ್ರಶ್ನಿಸಿದ್ದು ಅವಕಾಶ ಕೈಚೆಲ್ಲಿದಂತೆ ಎಂಬುದು ಅವರ ವಾದ. ಇದರಲ್ಲಿ ಹುರುಳಿಲ್ಲದಿಲ್ಲ. 2021ರ ಮಾರ್ಚ್‌ನಲ್ಲಿ ಕಂಪನಿ ತೆರಿಗೆಯನ್ನು ಶೇ 19ರಿಂದ 2023ಕ್ಕೆ ಶೇ 25ಕ್ಕೆ ಏರಿಸುವುದಾಗಿ ಸುನಾಕ್ ಹೇಳಿದಾಗ, ತೆರಿಗೆ ಏರಿಕೆಗೆ ಇದು ಕಾಲವಲ್ಲ ಎನ್ನುತ್ತಿದ್ದವರು ಸ್ಟಾರ್ಮರ್! ದುಂದುಗಾರ ಪಕ್ಷವೆಂಬ ಹಳೆಯ ಮುದ್ರೆ ಮತ್ತೆ ಬೀಳಬಾರದೆಂಬ ಎಚ್ಚರ ಅವರನ್ನು ಅಲ್ಲಿಗೆ ತಂದು ನಿಲ್ಲಿಸಿತ್ತು. ಇನ್ನೊಂದು ಬದಿಯಿಂದ ನೋಡಿದರೆ, ಸಾವಿನ ಸಂಖ್ಯೆ ಏರುತ್ತಿದ್ದಾಗ ಸಿದ್ಧಾಂತ ಬೋಧಿಸುವ ನಾಯಕನನ್ನು ಜನ ಸಹಿಸುತ್ತಿದ್ದರೇ ಎಂಬುದೂ ಅನುಮಾನವೇ. ನಾಯಕತ್ವಕ್ಕಾಗಿ ಕೊಟ್ಟ 10 ಭರವಸೆಗಳಲ್ಲಿ ಹಲವನ್ನು ಅವರು ಮುಂದಿನ ವರ್ಷಗಳಲ್ಲಿ ಕೈಬಿಟ್ಟರು. ಸಾಂಕ್ರಾಮಿಕದ ಸಾಲದಿಂದ ಖಜಾನೆಯ ಸ್ಥಿತಿ ಬದಲಾಗಿದೆ ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು.

ಸಾಲವೇನೋ ನಿಜ. 2020-21ರ ಒಂದೇ ವರ್ಷದಲ್ಲಿ ಸರ್ಕಾರ 30,000 ಕೋಟಿ ಪೌಂಡ್‌ಗೂ ಹೆಚ್ಚು ಸಾಲ ಎತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ಅಷ್ಟು ಪ್ರಮಾಣದ ಸಾಲ ಆಗಿರಲಿಲ್ಲ. ಸುನಾಕ್ ಹಣ ಹಿಂತೆಗೆಯಲು ತಡಮಾಡಲಿಲ್ಲ. ವಾರದ 20 ಪೌಂಡ್ ಹೆಚ್ಚುವರಿ ಭತ್ಯೆ 2021ರ ಅಕ್ಟೋಬರ್‌ನಲ್ಲಿ ನಿಂತಿತು. ದಾದಿಯರಿಗೆ ಶೇ 1ರಷ್ಟು ಸಂಬಳ ಏರಿಕೆ ಸಾಕೆಂದಿದ್ದ ಸರ್ಕಾರ ಭಾರಿ ಟೀಕೆಯ ನಂತರ ಶೇ 3ಕ್ಕೆ ಒಪ್ಪಿತು.

ಕೊನೆಗೆ ಕನ್ಸರ್ವೇಟಿವ್ ಸರ್ಕಾರವನ್ನು ಕುಸಿಯುವಂತೆ ಮಾಡಿದವು, ಲಾಕ್‌ಡೌನ್ ಕಾಲದಲ್ಲಿ ಪ್ರಧಾನಿ ಕಚೇರಿಯಲ್ಲೇ ನಡೆದ ಔತಣಕೂಟಗಳು, ಆ ಮೇಲೆ 2022ರ ಸೆಪ್ಟೆಂಬರ್‌ನಲ್ಲಿ ಲಿಜ್ ಟ್ರಸ್ ಸರ್ಕಾರ ಮಂಡಿಸಿದ ಸಾಲದ ಬಲದ ತೆರಿಗೆ ಕಡಿತ. ಸುನಾಕ್ ಆ ಅಕ್ಟೋಬರ್‌ನಲ್ಲಿ ಪ್ರಧಾನಿಯಾದರು. 2024ರ ಜುಲೈ 4ರ ಚುನಾವಣೆಯಲ್ಲಿ ಅವರನ್ನು ಸೋಲಿಸಿ ಸ್ಟಾರ್ಮರ್ ಪ್ರಧಾನಿಯಾದಾಗ ಲೇಬರ್‌ಗೆ 411 ಸ್ಥಾನಗಳಿದ್ದವು. ಮತಪ್ರಮಾಣ ಮಾತ್ರ ಶೇ 34ರೊಳಗೆ.

ಅಧಿಕಾರಕ್ಕೆ ಬಂದವರು ಹಸ್ತಕ್ಷೇಪದ ಹಳೆಯ ಕಡತಗಳಲ್ಲಿ ಕೆಲವನ್ನು ತೆರೆದರು. ಖಾಸಗಿ ಪ್ರಯಾಣಿಕ ರೈಲು ಕಂಪನಿಗಳನ್ನು ಗುತ್ತಿಗೆ ಮುಗಿದಂತೆ ಸರ್ಕಾರದ ವಶಕ್ಕೆ ತರುವ ಕಾಯ್ದೆ 2024ರಲ್ಲಿ ಆಯಿತು. ಅದರಡಿ ಮೊದಲು ಸರ್ಕಾರದ ಕೈಗೆ ಬಂದದ್ದು ಸೌತ್ ವೆಸ್ಟರ್ನ್ ರೈಲ್ವೆ, 2025ರ ಮೇ 25ರಂದು. ಸಾಂಕ್ರಾಮಿಕ ಕಾಲದ ವಂಚನೆಗಳ ತನಿಖೆಗೆ ವಿಶೇಷ ಆಯುಕ್ತರನ್ನು 2024ರ ಡಿಸೆಂಬರ್‌ನಲ್ಲಿ ನೇಮಿಸಲಾಯಿತು. ಇನ್ನೊಂದೆಡೆ, ಬಹುಪಾಲು ಪಿಂಚಣಿದಾರರ ಚಳಿಗಾಲದ ಇಂಧನ ಭತ್ಯೆಯನ್ನು ಕಡಿತಗೊಳಿಸಿ, ಪಕ್ಷದೊಳಗಿನಿಂದಲೇ ಛೀಮಾರಿ ಹಾಕಿಸಿಕೊಂಡು, ಮರುವರ್ಷ ಹಿಂದೆ ಸರಿದದ್ದೂ ಇದೇ ಸರ್ಕಾರ.

ಕಾಯಿಲೆ ಭತ್ಯೆಯ ವಿಷಯವೊಂದು ಉಳಿದಿದೆ. ರಜೆಯ ಮೊದಲ ಮೂರು ದಿನ ಭತ್ಯೆಯಿಲ್ಲ ಎಂಬ ಹಳೆಯ ನಿಯಮವನ್ನು ಕೋವಿಡ್ ರೋಗಿಗಳ ಮಟ್ಟಿಗೆ 2020ರ ಮಾರ್ಚ್‌ನಲ್ಲಿ ಅಮಾನತಿನಲ್ಲಿಡಲಾಗಿತ್ತು. 2022ರ ಮಾರ್ಚ್‌ನಲ್ಲಿ ಕನ್ಸರ್ವೇಟಿವ್ ಸರ್ಕಾರ ಅದನ್ನು ಸದ್ದಿಲ್ಲದೆ ಮರಳಿ ತಂದಿತು. 2025ರ ಕೊನೆಯಲ್ಲಿ ಅಂಗೀಕಾರವಾದ ಉದ್ಯೋಗ ಹಕ್ಕುಗಳ ಕಾಯ್ದೆ ಆ ಮೂರು ದಿನಗಳ ಕಾಯುವಿಕೆಯನ್ನೂ, ಕನಿಷ್ಠ ಆದಾಯದ ಮಿತಿಯನ್ನೂ ತೆಗೆದುಹಾಕಿದೆ. ಇದರ ಪ್ರಕಾರ ಅತಿ ಕಡಿಮೆ ದುಡಿಯುವವರಿಗೂ ಕಾಯಿಲೆಯ ಮೊದಲ ದಿನದಿಂದಲೇ ಭತ್ಯೆ ಸಲ್ಲಬೇಕು. ಅಂಥವರಿಗೆ ಗೊತ್ತುಪಡಿಸಿರುವ ದರ ಅವರ ವಾರದ ಗಳಿಕೆಯ ಶೇ 80.